ವಿದ್ಯುದಾವೇಶವಿಲ್ಲದ ಕಣಕ್ಕೆ ಏನು ಕೆಲಸ?

ಪ್ರೌಢಶಾಲೆಯ ಪರಮಾಣು ಪಾಠದಲ್ಲಿ ನ್ಯೂಟ್ರಾನಿಗೆ ದೊರೆಯುವ ಜಾಗ ಬಹಳ ಕಡಿಮೆ: 1932ರಲ್ಲಿ ಜೇಮ್ಸ್ ಚಾಡ್ವಿಕ್ ಕಂಡುಹಿಡಿದರು, ಅದಕ್ಕೆ ವಿದ್ಯುದಾವೇಶವಿಲ್ಲ. ಮಕ್ಕಳು ಇಷ್ಟನ್ನೇ ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುತ್ತಾರೆ. ನಮ್ಮ ಕನ್ನಡ ಮಾಧ್ಯಮದ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿ ಮಾತ್ರ ಎದ್ದು ನಿಂತು, “ಆವೇಶವೇ ಇಲ್ಲದ ಮೇಲೆ ಅದರಿಂದ ಏನು ಪ್ರಯೋಜನ ಟೀಚರ್?” ಎಂದು ಕೇಳಿದಳು. ಅಂದು ನಾವು ಕೊಟ್ಟ ಉತ್ತರ ಅರೆಬರೆಯಾಗಿತ್ತು. ಮಕ್ಕಳೂ ಹೆತ್ತವರೂ ಕೂಡಿ ಓದಲೆಂದು ಅದನ್ನು ಇಲ್ಲಿ ಪೂರ್ಣಗೊಳಿಸುತ್ತಿದ್ದೇವೆ.

ಆಸ್ಪತ್ರೆಯ ಕ್ಷ-ಕಿರಣವು ಪರಮಾಣುವಿನ ಇಲೆಕ್ಟ್ರಾನುಗಳಿಗೆ ತಾಗಿ ಚದರುತ್ತದೆ. ಒಂದೇ ಇಲೆಕ್ಟ್ರಾನ್ ಇರುವ ಜಲಜನಕ ಅದಕ್ಕೆ ಬಹುಮಟ್ಟಿಗೆ ಕಾಣದು. ಆವೇಶವಿಲ್ಲದ ನ್ಯೂಟ್ರಾನ್ ಇಲೆಕ್ಟ್ರಾನುಗಳ ನಡುವೆ ಸಲೀಸಾಗಿ ಸಾಗಿ ನೇರವಾಗಿ ಬೀಜಕೇಂದ್ರವನ್ನು ಮುಟ್ಟುತ್ತದೆ. ಆದ್ದರಿಂದ ಜಲಜನಕವೂ ಬ್ಯಾಟರಿಯೊಳಗಿನ ಲಿಥಿಯಮ್ಮೂ ಅದಕ್ಕೆ ಸ್ಪಷ್ಟವಾಗಿ ಗೋಚರಿಸುತ್ತವೆ. ಕೆಲವು ಸೆಂಟಿಮೀಟರ್ ದಪ್ಪದ ಉಕ್ಕನ್ನೂ ಅದು ದಾಟಬಲ್ಲುದು.

ಆದರೆ ನ್ಯೂಟ್ರಾನುಗಳು ಬೀಜಕೇಂದ್ರದೊಳಗೆ ಬಂಧಿಗಳು. ಅವನ್ನು ಹೊರತರುವ ಒಂದು ದಾರಿ ಪರಮಾಣು ರಿಯಾಕ್ಟರ್. ಟ್ರಾಂಬೆಯ ‘ಧ್ರುವ’ ಅಂಥದು. ಇನ್ನೊಂದು ದಾರಿ ಕಣವೇಗವರ್ಧಕ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರಿನಲ್ಲಿರುವ ರುದರ್‌ಫರ್ಡ್ ಆಪಲ್‌ಟನ್ ಪ್ರಯೋಗಾಲಯದ ‘ಐಸಿಸ್’ 1984ರಿಂದ ಈ ಕೆಲಸ ಮಾಡುತ್ತಿದೆ. (ಆಕ್ಸ್‌ಫರ್ಡಿನ ಬಳಿ ಥೇಮ್ಸ್ ನದಿಗೆ ಆ ಹೆಸರಿದೆ, ಸುದ್ದಿಯಲ್ಲಿ ಕೇಳುವ ಭಯೋತ್ಪಾದಕ ಸಂಘಟನೆಗೂ ಇದಕ್ಕೂ ಸಂಬಂಧವಿಲ್ಲ.) ಅಲ್ಲಿ 163 ಮೀಟರ್ ಸುತ್ತಳತೆಯ ಉಂಗುರದಲ್ಲಿ ಪ್ರೋಟಾನುಗಳನ್ನು ಬೆಳಕಿನ ವೇಗದ ಶೇಕಡಾ 84ರಷ್ಟು ವೇಗಕ್ಕೆ ಏರಿಸಿ ಟಂಗ್‌ಸ್ಟನ್ ಲೋಹಕ್ಕೆ ಅಪ್ಪಳಿಸುತ್ತಾರೆ. ಒಂದೊಂದು ಪ್ರೋಟಾನಿಗೆ ಸುಮಾರು 15 ನ್ಯೂಟ್ರಾನುಗಳು ಸಿಡಿದು ಹೊರಬರುತ್ತವೆ. ಯಂತ್ರ ನಿಲ್ಲಿಸಿದೊಡನೆ ಈ ಸಿಡಿತವೂ ನಿಲ್ಲುತ್ತದೆ.

ಹೀಗೆ ಹೊರಬಂದವು ಅತಿವೇಗದವು, ಪರಮಾಣುಗಳ ಜೋಡಣೆಯನ್ನು ಅಳೆಯಲು ಬಾರವು. ವೇಗ ತಗ್ಗಿಸುವ ಉಪಾಯ ನಮ್ಮ ಗೋಲಿಯಾಟದಲ್ಲೇ ಇದೆ. ಗೋಲಿ ಗೋಡೆಗೆ ಬಡಿದರೆ ಹಿಂದಕ್ಕೆ ಚಿಮ್ಮುತ್ತದೆ. ಅಷ್ಟೇ ತೂಕದ ಇನ್ನೊಂದು ಗೋಲಿಗೆ ನೇರವಾಗಿ ಬಡಿದರೆ ತನ್ನ ವೇಗವನ್ನು ಅದಕ್ಕೆ ಒಪ್ಪಿಸಿ ನಿಲ್ಲುತ್ತದೆ. ನ್ಯೂಟ್ರಾನಿನಷ್ಟೇ ತೂಗುವುದು ಜಲಜನಕದ ಬೀಜಕೇಂದ್ರ. ಆದ್ದರಿಂದಲೇ ನೀರು, ದ್ರವ ಜಲಜನಕ ಮುಂತಾದವುಗಳ ಮೂಲಕ ನ್ಯೂಟ್ರಾನುಗಳನ್ನು ಹಾಯಿಸುತ್ತಾರೆ.

ಇನ್ನು ಅಳತೆ. ಪ್ರೋಟಾನುಗಳು ಸೆಕೆಂಡಿಗೆ 50 ಬಾರಿ ಗುಂಪುಗುಂಪಾಗಿ ಬಡಿಯುವುದರಿಂದ ಪ್ರತಿ ಗುಂಪಿನ ನ್ಯೂಟ್ರಾನುಗಳೂ ಓಟದ ಸ್ಪರ್ಧೆಯ ಮಕ್ಕಳಂತೆ ಒಂದೇ ಕ್ಷಣದಲ್ಲಿ ಹೊರಡುತ್ತವೆ. ಸೆಕೆಂಡಿಗೆ 2,200 ಮೀಟರ್ ವೇಗದ್ದು ಹತ್ತು ಮೀಟರ್ ಸಾಗಲು ಸುಮಾರು 4.5 ಮಿಲಿಸೆಕೆಂಡ್ ಸಾಕು. ನಿಧಾನದವು ಆಮೇಲೆ ಬರುತ್ತವೆ. ತಲುಪಿದ ಹೊತ್ತಿನಿಂದ ವೇಗ, ವೇಗದಿಂದ ತರಂಗದೂರ, ಅದು ಚದರಿದ ಕೋನವನ್ನೂ ಸೇರಿಸಿದರೆ ಪರಮಾಣು ಪದರಗಳ ನಡುವಿನ ಅಂತರ ತಿಳಿಯುತ್ತದೆ. ಗಡಿಯಾರವೇ ಇಲ್ಲಿ ಮುಖ್ಯ ಉಪಕರಣವೆಂದರೆ ತಪ್ಪಲ್ಲ.

ಆ ಅಂತರದಿಂದ ಏನಾಗಬೇಕು? ಐಸಿಸ್‌ನಲ್ಲಿ ‘ಎಂಜಿನ್-ಎಕ್ಸ್’ ಎಂಬ ಉಪಕರಣವಿದೆ. ಬೆಸುಗೆ ಹಾಕಿದ ಲೋಹ ತಣಿಯುವಾಗ ಒಳಗೆ ಎಳೆತ ಉಳಿದು ಪದರಗಳು ಕೂದಲೆಳೆಗಿಂತಲೂ ಎಷ್ಟೋ ಸೂಕ್ಷ್ಮವಾಗಿ ಸರಿಯುತ್ತವೆ. ಹೊರಗಿನಿಂದ ನುಣುಪಾಗಿ ಕಾಣುವ ವಿಮಾನದ ರೆಕ್ಕೆಯೋ ರೈಲಿನ ಗಾಲಿಯೋ ಮುಂದೊಂದು ದಿನ ಬಿರುಕು ಬಿಡಲು ಈ ಎಳೆತ ಕಾರಣವಾಗಬಹುದು. ನ್ಯೂಟ್ರಾನ್ ಅದನ್ನು ಲೋಹ ಕತ್ತರಿಸದೆಯೇ ಅಳೆದು ತೋರಿಸುತ್ತದೆ.

ಇಲ್ಲಿ ಪ್ರಯೋಗ ಮಾಡಬಯಸುವವರು ಅರ್ಜಿ ಬರೆಯಬೇಕು; ತಜ್ಞರ ಸಮಿತಿ ಆಯ್ಕೆ ಮಾಡುತ್ತದೆ. ಭಾರತದ ಸಂಶೋಧಕರೂ ಅಲ್ಲಿ ಪ್ರಯೋಗ ನಡೆಸಿದ್ದಾರೆ. ಅರ್ಜಿಯಲ್ಲಿ ಮೊದಲು ನೋಡುವುದು ಕೇಳಿದ ಪ್ರಶ್ನೆ ಎಂಥದೆಂಬುದನ್ನು. ಇದನ್ನು ಆ ವಿದ್ಯಾರ್ಥಿನಿಗೂ ಹೇಳಿದ್ದೇವೆ.