ಮೆಕ್ಯಾನಿಕ್ ಮುಂದೆ ಕೆಡದ ಕಾರು

ಶಿರಾಡಿ ಘಾಟಿಯ ಏರಿನಲ್ಲಿ ನಮ್ಮ ಹಳೆಯ ಪೆಟ್ರೋಲ್ ಕಾರು ಕೆಮ್ಮದೆ, ನಡುಗದೆ ಆಫ್ ಆಯಿತು. ಅರ್ಧ ಗಂಟೆ ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗಿಲ್ಲವೆಂಬಂತೆ ಶುರು! ಗ್ಯಾರೇಜಿನಲ್ಲಿ ಎರಡು ದಿನ ನಿಲ್ಲಿಸಿದರೂ ಒಮ್ಮೆಯೂ ಕೆಡಲಿಲ್ಲ. ‘ಬದಲಾಯಿಸಿ ನೋಡೋಣ’ ಎಂಬ ಶಾಸ್ತ್ರದ ಪ್ರಕಾರ ಪ್ಲಗ್ಗು, ಬ್ಯಾಟರಿ, ಪೆಟ್ರೋಲ್ ಪಂಪು ಹೊಸದಾದವು. ಕಾರು ಮತ್ತೆ ನಿಂತಿತು, ಅದೂ ಬಿಸಿಯೇರಿದ ಮೇಲೆಯೇ.

ಆ ‘ಬಿಸಿಯೇರಿದ ಮೇಲೆ’ ಎಂಬುದರಲ್ಲೇ ಉತ್ತರವಿತ್ತು. ಇಂಜಿನ್ನಿನ ಕ್ರ್ಯಾಂಕ್‌ಶಾಫ್ಟಿನ ಜೊತೆ ಒಂದು ಹಲ್ಲುಚಕ್ರ ತಿರುಗುತ್ತದೆ. ಅನೇಕ ಕಾರುಗಳಲ್ಲಿ ಅದು 60 ಹಲ್ಲಿನ ಲೆಕ್ಕದ್ದು. ಎರಡನ್ನು ಬೇಕೆಂದೇ ಬಿಟ್ಟಿರುತ್ತಾರೆ. ಆ ಬೊಚ್ಚು ಜಾಗ ಹಾದುಹೋದಾಗಲೆಲ್ಲ ಪಿಸ್ಟನ್ ಎಲ್ಲಿದೆ ಎಂಬುದು ಇಂಜಿನ್ನಿನ ಕಂಪ್ಯೂಟರಿಗೆ ತಿಳಿಯುತ್ತದೆ. ಹಲ್ಲುಗಳನ್ನು ಎಣಿಸುವ ಸೆನ್ಸರ್ ಹಳೆಯ ಮಾದರಿಯದಾದರೆ ಒಳಗಿರುವುದು ಒಂದು ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯ ಸುರುಳಿ. ತಂತಿ ಎಲ್ಲೋ ಒಂದು ಕಡೆ ಬಿರುಕುಬಿಟ್ಟಿದ್ದರೆ, ಕಾದಾಗ ಹಿಗ್ಗಿ ತುದಿಗಳು ದೂರ ಸರಿಯುತ್ತವೆ, ಆರಿದಾಗ ಮತ್ತೆ ಕೂಡುತ್ತವೆ. ಎಣಿಕೆ ನಿಂತರೆ ಕಂಪ್ಯೂಟರು ಕಿಡಿಯನ್ನೂ ಕೊಡುವುದಿಲ್ಲ, ಇಂಧನವನ್ನೂ ಬಿಡುವುದಿಲ್ಲ.

ಸುಳಿವು ಡ್ಯಾಶ್‌ಬೋರ್ಡಿನಲ್ಲೇ ಸಿಗಬಹುದು. ಕಾರು ಗೇರಿನಲ್ಲಿ ಉರುಳುತ್ತಿರುವಾಗ ಚಕ್ರಗಳೇ ಇಂಜಿನ್ನನ್ನು ತಿರುಗಿಸುತ್ತಿರುತ್ತವೆ. ಆಗಲೂ ಆರ್‌ಪಿಎಂ ಮುಳ್ಳು ದಿಢೀರನೆ ಸೊನ್ನೆಗೆ ಬಿದ್ದರೆ ಅನುಮಾನ ಈ ಸೆನ್ಸರಿನ ಮೇಲೆ. ಅದನ್ನು ಬಿಚ್ಚಿ ಹೇರ್ ಡ್ರೈಯರಿನಿಂದ ಕಾಯಿಸುತ್ತಾ ಮೀಟರ್ ನೋಡಿದೆವು. ತಣ್ಣಗಿದ್ದಾಗ ನೂರಾರು ಓಮ್ ತೋರಿಸುತ್ತಿದ್ದುದು ಒಮ್ಮೆಲೇ ‘ಓಪನ್’ ಎಂದಿತು. ಸ್ಕ್ಯಾನರಿನಲ್ಲಿ ಪಿ0335 ಎಂಬ ಕೋಡ್ ಬಂದರೂ ಅಷ್ಟಕ್ಕೇ ಸೆನ್ಸರ್ ಕೊಳ್ಳಬೇಡಿ. ಕೋಡ್ ದೂರುವುದು ಆ ಇಡೀ ಸರ್ಕ್ಯೂಟನ್ನು. ಇಲಿ ಕಡಿದ ವೈರು, ಕಿಲುಬು ಹಿಡಿದ ಪಿನ್ನು ಎಲ್ಲವೂ ಅದರಲ್ಲಿ ಸೇರಿವೆ.

ಮೀಟರೂ ಮೋಸಮಾಡುತ್ತದೆ. ಬ್ಯಾಟರಿಯಿಂದ ಇಂಜಿನ್ನಿಗೆ ಬರುವ ಅರ್ತ್ ಕೇಬಲ್ಲಿನಲ್ಲಿ ಒಂದೇ ಎಳೆ ಉಳಿದಿದ್ದರೂ ಓಮ್ ಮೀಟರ್ ‘ಸರಿಯಿದೆ’ ಎನ್ನುತ್ತದೆ, ಏಕೆಂದರೆ ಅದು ಹರಿಸುವುದು ತೀರಾ ಸಣ್ಣ ಕರೆಂಟು. ಸೆಲ್ಫ್ ಮೋಟರ್ ಎಳೆಯುವುದು ನೂರಾರು ಆಂಪಿಯರ್. 150 ಆಂಪಿಯರ್ ಹರಿಯುವಾಗ ಬರೀ 0.01 ಓಮ್ ತಡೆಯಿದ್ದರೂ ಒಂದೂವರೆ ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತದೆ. ಆದ್ದರಿಂದ ಮೀಟರನ್ನು ವೋಲ್ಟಿಗೆ ತಿರುಗಿಸಿ, ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದು ಇಂಜಿನ್ನಿನ ಬರಿ ಲೋಹಕ್ಕೆ ಇಟ್ಟು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಅರ್ತ್ ದಾರಿಯಲ್ಲಿ ದೋಷವಿದೆ. ಉಳಿದ ಲೂಸ್ ಕಾಂಟ್ಯಾಕ್ಟುಗಳನ್ನು ಇಂಜಿನ್ ಓಡುತ್ತಿರುವಾಗ ವೈರಿನ ಕಟ್ಟುಗಳನ್ನು ಒಂದೊಂದಾಗಿ ಅಲುಗಾಡಿಸಿ ಹುಡುಕಬೇಕು, ಬೆಲ್ಟು ಮತ್ತು ಫ್ಯಾನಿನಿಂದ ಕೈ ದೂರವಿಟ್ಟು.

ನಿಮ್ಮ ಕಾರೂ ಹೀಗೆ ಕಾಡುತ್ತಿದ್ದರೆ ಒಂದು ಚೀಟಿ ಇಟ್ಟುಕೊಳ್ಳಿ: ಎಷ್ಟು ಹೊತ್ತು ಓಡಿದ ಮೇಲೆ ನಿಂತಿತು, ಮಳೆಯಿತ್ತೇ, ಗುಂಡಿಗೆ ಬಿದ್ದಿತ್ತೇ, ಎಸಿ ಹಾಕಿತ್ತೇ, ಯಾವ ದೀಪ ಹೊತ್ತಿತು, ಎಷ್ಟು ಹೊತ್ತಿಗೆ ಮತ್ತೆ ಶುರುವಾಯಿತು. ಮೆಕ್ಯಾನಿಕ್ಕಿಗೆ ಕೀಲಿಯ ಜೊತೆ ಅದನ್ನೂ ಕೊಡಿ. ಓಡುತ್ತಿರುವಾಗಲೇ ಆಫ್ ಆದರೆ ಗಾಬರಿಯಲ್ಲಿ ಕೀಲಿ ಹೊರಗೆಳೆಯಬೇಡಿ, ಸ್ಟೇರಿಂಗ್ ಲಾಕ್ ಆದೀತು. ಬ್ರೇಕನ್ನು ಪದೇ ಪದೇ ತುಳಿಯದೆ ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಬ್ರೇಕಿಗೆ ಬಲ ಕೊಡುವ ಬೂಸ್ಟರಿನಲ್ಲಿ ಉಳಿದಿರುವ ನಿರ್ವಾತ ಒಂದೆರಡು ತುಳಿತಕ್ಕಷ್ಟೇ ಸಾಕಾಗುತ್ತದೆ.