ಮೋಟಾರು ಕಾರಿಗೆ ಕನ್ನ

ಮೋಟಾರು ಕಾರನ್ನು ಬರಿಯ ಚಕ್ರ, ಹಲ್ಲುಗಾಲಿಗಳ ಯಂತ್ರವೆಂದು ಎಣಿಸುವ ಕಾಲ ಕಳೆದುಹೋಯಿತು. ಇಂದಿನ ಕಾರಿನೊಳಗೆ ಹತ್ತಾರು ಪುಟ್ಟ ಕಂಪ್ಯೂಟರುಗಳು ಅಡಗಿವೆ. ಎಂಜಿನ್ನಿಗೆ ಒಂದು, ಗೇರುಪೆಟ್ಟಿಗೆಗೆ ಒಂದು, ಬ್ರೇಕಿಗೆ ಒಂದು, ಬಾಗಿಲ ಬೀಗಕ್ಕೆ ಮತ್ತೊಂದು. ಇವು ಸದಾ ತಮ್ಮತಮ್ಮೊಳಗೆ ಮಾತನಾಡಿಕೊಳ್ಳುತ್ತಿರುತ್ತವೆ. ಹೊರಗಿನವನೊಬ್ಬನು ಈ ಸಂಭಾಷಣೆಯ ನಡುವೆ ನುಗ್ಗಿ ತಾನೂ ಮಾತನಾಡತೊಡಗಿದರೆ ಏನಾದೀತು? ಉತ್ತರವನ್ನು ಕಾಣಬೇಕಾದರೆ ಮೊದಲು ಆ ಮಾತಿನ ರೀತಿಯನ್ನು ತಿಳಿಯಬೇಕು.

ಒಂದೊಂದು ಕಂಪ್ಯೂಟರಿನಿಂದಲೂ ಉಳಿದೆಲ್ಲವುಗಳಿಗೆ ಬೇರೆಬೇರೆ ತಂತಿಯನ್ನು ಎಳೆಯುತ್ತ ಹೋದರೆ ಕಾರಿನ ತುಂಬ ತಂತಿಯೇ ಆದೀತು. ಈ ತೊಡಕನ್ನು ನೀಗಲು ಜರ್ಮನಿಯ ಬಾಷ್ ಸಂಸ್ಥೆಯು ಒಂದು ಏರ್ಪಾಡನ್ನು ರೂಪಿಸಿ 1986ರಲ್ಲಿ ಲೋಕದ ಮುಂದಿಟ್ಟಿತು. ಇದರ ಹೆಸರು ‘ಕಂಟ್ರೋಲರ್ ಏರಿಯಾ ನೆಟ್‌ವರ್ಕ್’, ಹ್ರಸ್ವವಾಗಿ ‘ಕ್ಯಾನ್’. ಇದರಲ್ಲಿರುವುದು ಒಂದಕ್ಕೊಂದು ಹೆಣೆದ ಎರಡೇ ತಂತಿಗಳು. ಹಲವು ಕಂಪ್ಯೂಟರುಗಳು ಅವಕ್ಕೇ ತಗುಲಿಕೊಂಡಿರುತ್ತವೆ. ಒಂದು ಆಡಿದುದನ್ನು ಎಲ್ಲವೂ ಕೇಳುತ್ತವೆ. ತಮಗೆ ಬೇಕಾದುದನ್ನು ಹಿಡಿದುಕೊಂಡು ಬೇಡವಾದುದನ್ನು ಬಿಡುತ್ತವೆ. ಊರಿನಲ್ಲಿ ಡಂಗುರ ಸಾರಿದಂತೆ ಇದು ಎನ್ನಬಹುದು.

ಈ ಮಾತುಗಳೆಲ್ಲ ಸೊನ್ನೆ ಮತ್ತು ಒಂದು ಎಂಬ ಎರಡು ಅಂಕಿಗಳಿಂದ ಆದವು. ‘ಒಂದು’ ಎನ್ನಬೇಕಾದಾಗ ಎರಡು ತಂತಿಗಳೂ ಸುಮಾರು 2.5 ವೋಲ್ಟಿನಲ್ಲಿರುತ್ತವೆ. ‘ಸೊನ್ನೆ’ ಎನ್ನಬೇಕಾದಾಗ ಒಂದು ತಂತಿಯು ಸುಮಾರು 3.5 ವೋಲ್ಟಿಗೆ ಏರುತ್ತದೆ, ಇನ್ನೊಂದು 1.5 ವೋಲ್ಟಿಗೆ ಇಳಿಯುತ್ತದೆ. ಕೇಳುವ ಯಂತ್ರವು ಇವೆರಡರ ಅಂತರವನ್ನು ಮಾತ್ರ ಗಮನಿಸುತ್ತದೆ. ಇದರಲ್ಲೊಂದು ಜಾಣ್ಮೆಯಿದೆ. ಎಂಜಿನ್ನಿನ ಕಿಡಿಯಿಂದ ಹುಟ್ಟಿದ ವಿದ್ಯುತ್ ಗದ್ದಲವು ತಂತಿಗೆ ಅರ್ಧ ವೋಲ್ಟನ್ನು ಸೇರಿಸಿತೆಂದು ಇಟ್ಟುಕೊಳ್ಳೋಣ. ತಂತಿಗಳು ಹೆಣೆದುಕೊಂಡಿರುವುದರಿಂದ ಅದು ಎರಡಕ್ಕೂ ಸಮವಾಗಿಯೇ ಸೇರುತ್ತದೆ. 3.5 ಇದ್ದುದು 4 ಆಗುತ್ತದೆ, 1.5 ಇದ್ದುದು 2 ಆಗುತ್ತದೆ. ಅಂತರವೋ ಮೊದಲಿನಂತೆ 2 ವೋಲ್ಟೇ! ಇದೂ ಸಾಲದೆಂಬಂತೆ ಪ್ರತಿಯೊಂದು ಸಂದೇಶದ ಕೊನೆಯಲ್ಲಿಯೂ ಒಂದು ತಾಳೆಸಂಖ್ಯೆ ಇರುತ್ತದೆ. ಸಂದೇಶದ ಅಂಕಿಗಳ ಮೇಲೆ ಗೊತ್ತಾದ ಒಂದು ಲೆಕ್ಕವನ್ನು ನಡೆಸಿ ಅದನ್ನು ಪಡೆಯುತ್ತಾರೆ. ಕೇಳುವ ಯಂತ್ರವೂ ಅದೇ ಲೆಕ್ಕವನ್ನು ಮಾಡಿ ನೋಡಿ, ತಾಳೆಯಾಗದಿದ್ದರೆ ಸಂದೇಶವನ್ನು ತಳ್ಳಿಹಾಕುತ್ತದೆ.

ಆದರೆ ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಸಂದೇಶವು ದಾರಿಯಲ್ಲಿ ಕೆಡದೆ ಬಂದಿತೇ ಎಂದು ಕ್ಯಾನ್ ವಿಚಾರಿಸುತ್ತದೆ. ಕಳುಹಿಸಿದವರಾರು ಎಂದು ವಿಚಾರಿಸುವುದೇ ಇಲ್ಲ. ಸಂದೇಶದ ಮೊದಲಲ್ಲಿ ವಿಷಯವನ್ನು ಸೂಚಿಸುವ ಸಂಖ್ಯೆಯಿದೆಯೇ ಹೊರತು ಕಳುಹಿಸಿದವರ ಸಹಿಯಿಲ್ಲ. ತಾಳೆಸಂಖ್ಯೆಯ ಲೆಕ್ಕವೂ ಗುಟ್ಟಿನದಲ್ಲ. ಮೋಸಗಾರನೂ ಅದನ್ನು ಸರಿಯಾಗಿಯೇ ಮಾಡಬಲ್ಲನು. ಡಂಗುರವು ಯಾರ ಕೈಗೆ ಸಿಕ್ಕಿದರೆ ಅವರ ಮಾತೇ ಅಪ್ಪಣೆ! 1986ರಲ್ಲಿ ಇದರಿಂದ ಬಾಧೆಯಿರಲಿಲ್ಲ. ಆ ತಂತಿಗಳು ಕಾರಿನ ಹೊಟ್ಟೆಯೊಳಗೆ ಇದ್ದುದರಿಂದ ಕಾರಿನ ಬೀಗವೇ ಅವಕ್ಕೂ ಕಾವಲಾಗಿತ್ತು.

ಅನಂತರ ಕಾರಿಗೆ ಮೊಬೈಲ್ ಜಾಲದ ಸಂಪರ್ಕ ಬಂದಿತು. 2015ರಲ್ಲಿ ಅಮೆರಿಕದ ಚಾರ್ಲಿ ಮಿಲ್ಲರ್ ಮತ್ತು ಕ್ರಿಸ್ ವಾಲಸೆಕ್ ಎಂಬ ತಜ್ಞರು ಜೀಪ್ ಚೆರೋಕಿ ಕಾರನ್ನು ಪರೀಕ್ಷಿಸಿದರು. ಅದರ ರೇಡಿಯೋ ಪೆಟ್ಟಿಗೆಯು ಮೊಬೈಲ್ ಜಾಲಕ್ಕೆ ಸೇರಿದ್ದು, ಹೊರಗಿನವರ ಆಜ್ಞೆಗಳನ್ನು ಗುರುತು ಕೇಳದೆ ಸ್ವೀಕರಿಸುತ್ತಿತ್ತು. ಅದೇ ಪೆಟ್ಟಿಗೆಯ ಇನ್ನೊಂದು ಚಿಪ್ಪು ಕ್ಯಾನ್ ತಂತಿಗೆ ತಗುಲಿಕೊಂಡಿತ್ತು. ಇವರು ಮೊದಲ ಬಾಗಿಲಿನಿಂದ ಒಳಹೊಕ್ಕು, ಆ ಚಿಪ್ಪಿನ ಪ್ರೋಗ್ರಾಮನ್ನೇ ಬದಲಿಸಿದರು. ಪ್ರಯೋಗಕ್ಕೆ ಒಪ್ಪಿದ ಪತ್ರಕರ್ತನೊಬ್ಬನು ಸೇಂಟ್ ಲೂಯಿಸ್ ನಗರದ ಹೆದ್ದಾರಿಯಲ್ಲಿ ಆ ಕಾರನ್ನು ನಡೆಸುತ್ತಿದ್ದನು. ತಜ್ಞರು ಮೈಲಿಗಳಾಚೆ ಮನೆಯಲ್ಲಿ ಕುಳಿತಿದ್ದರು. ತಣ್ಣನೆಯ ಗಾಳಿ ತಾನಾಗಿ ಬೀಸಿತು, ರೇಡಿಯೋ ಅಬ್ಬರಿಸಿತು, ಗಾಜನ್ನೊರೆಸುವ ವೈಪರು ಆಡತೊಡಗಿತು. ಕೊನೆಗೆ ಎಂಜಿನ್ನಿಗೂ ಚಕ್ರಗಳಿಗೂ ಇದ್ದ ಸಂಬಂಧವೇ ಕಡಿದುಹೋಯಿತು. ಆಕ್ಸಿಲರೇಟರನ್ನು ಎಷ್ಟು ಒತ್ತಿದರೂ ಎಂಜಿನ್ನು ಮೊರೆಯಿತೇ ವಿನಾ ಕಾರು ನಿಧಾನವಾಗುತ್ತಲೇ ಹೋಯಿತು! ಇದಾದ ಮೇಲೆ ತಯಾರಕರು ಸುಮಾರು 14 ಲಕ್ಷ ವಾಹನಗಳ ತಂತ್ರಾಂಶವನ್ನು ತಿದ್ದಬೇಕಾಯಿತು.

ಇದು ತಜ್ಞರ ಪ್ರಯೋಗವಷ್ಟೆ ಎಂದು ಸಮಾಧಾನಪಡುವಂತಿಲ್ಲ. 2022ರಲ್ಲಿ ಲಂಡನ್ನಿನಲ್ಲಿ ಟೊಯೊಟಾ ಕಾರೊಂದು ಕಳುವಾಯಿತು. ಕಳ್ಳರ ವಿಧಾನವನ್ನು ಪರಿಶೀಲಿಸಿದಾಗ, ಅವರು ಬಂಪರನ್ನು ಸರಿಸಿ, ಮುಂದೀಪದ ಬಳಿಯ ಕ್ಯಾನ್ ತಂತಿಗೆ ಪುಟ್ಟ ಸಾಧನವನ್ನು ಜೋಡಿಸಿ, ‘ಬೀಗದಕೈ ಸರಿಯಾದುದೇ’ ಎಂಬ ಸುಳ್ಳು ಸಂದೇಶವನ್ನು ಕಳುಹಿಸುತ್ತಿದ್ದರೆಂದು ತಿಳಿದುಬಂದಿತು. ಕಾರು ನಂಬಿತು, ಬಾಗಿಲು ತೆರೆಯಿತು.

ಹಾಗಾದರೆ ಇದಕ್ಕೆ ಪರಿಹಾರವೇನು? ರೇಡಿಯೋ ಮೊದಲಾದವುಗಳ ತಂತಿಗೂ ಬ್ರೇಕು, ಎಂಜಿನ್ನುಗಳ ತಂತಿಗೂ ನಡುವೆ ಕಾವಲು ಕಂಪ್ಯೂಟರನ್ನು ಇಡುವುದು ಒಂದು. ತಯಾರಕರ ಡಿಜಿಟಲ್ ಸಹಿಯಿಲ್ಲದ ಪ್ರೋಗ್ರಾಮನ್ನು ಯಾವ ಚಿಪ್ಪೂ ಸ್ವೀಕರಿಸದಂತೆ ಮಾಡುವುದು ಎರಡು. ಮುಖ್ಯ ಸಂದೇಶಗಳ ಜೊತೆಗೆ, ಗುಪ್ತಸಂಖ್ಯೆಯನ್ನು ಬಲ್ಲವರು ಮಾತ್ರ ಲೆಕ್ಕಹಾಕಬಲ್ಲ ಗುರುತನ್ನು ಸೇರಿಸುವುದು ಮೂರು. ಕದ್ದು ಕೇಳಿದ ಹಳೆಯ ಸಂದೇಶವನ್ನೇ ಮತ್ತೆ ನುಡಿದು ವಂಚಿಸದಂತೆ ಇದರಲ್ಲಿ ಕ್ರಮಸಂಖ್ಯೆಯೂ ಸೇರಿರುತ್ತದೆ. 2021ರಲ್ಲಿ ಜಾರಿಗೆ ಬಂದ ವಿಶ್ವಸಂಸ್ಥೆಯ 155ನೆಯ ವಾಹನ ನಿಯಮವು, ಅದನ್ನು ಅನುಸರಿಸುವ ದೇಶಗಳಲ್ಲಿ, ಇಂಥ ರಕ್ಷಣೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿದೆ.

ಕ್ಯಾನನ್ನು ರೂಪಿಸಿದವರು ಅಜಾಗರೂಕರಾಗಿರಲಿಲ್ಲ. ನಿಸರ್ಗದ ಗದ್ದಲವನ್ನು ಅವರು ಚೆನ್ನಾಗಿಯೇ ಗೆದ್ದರು. ಆದರೆ ಗದ್ದಲಕ್ಕೆ ಉದ್ದೇಶವಿಲ್ಲ. ಕಪಟಿಗೆ ಉದ್ದೇಶವಿದೆ, ನಮ್ಮಷ್ಟೇ ಬುದ್ಧಿಯೂ ಇದೆ. ಇದನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಮುಂದೆ ಇಂಥ ಯಂತ್ರಗಳನ್ನು ರಚಿಸುವವರು. ಎರಡು ಯಂತ್ರಗಳನ್ನು ತಂತಿಯಿಂದ ಬೆಸೆಯುವ ಮುನ್ನ ಅವರು ‘ಮಾತು ಕೆಡದೆ ಬಂದಿತೇ?’ ಎಂದು ಕೇಳಿದರೆ ಸಾಲದು, ‘ಆಡಿದವರಾರು?’ ಎಂದೂ ಕೇಳಬೇಕು.