ಪತ್ತಾಯದ ಮೇಲೆ ಮದ್ದಳೆ

ಆಷಾಢದಲ್ಲಿ ಕಳಸದ ಕಡೆಯ ಹಂಚಿನ ಮನೆಯೊಳಗೆ ಮಾತಾಡಬೇಕೆಂದರೆ ಗಂಟಲು ಏರಿಸಲೇಬೇಕು. ಅಂಥ ಮನೆಯ ಜಗಲಿಗೆ ಬೆಂಗಳೂರಿನ ಅಣ್ಣ ಒಂದು ಸ್ಪೀಕರ್ ತಂದಿಟ್ಟಿದ್ದ. ಕಾಫಿ ಫಿಲ್ಟರಿನಷ್ಟೇ ಎತ್ತರ, ಸುತ್ತ ಬಟ್ಟೆಯ ಹೊದಿಕೆ, ನೆತ್ತಿಯ ಮೇಲೆ ನೀಲಿ ಬಳೆಯಂಥ ದೀಪ. ವೈರಿಲ್ಲ, ಎಲ್ಲಿಗೆ ಬೇಕಾದರೂ ಎತ್ತಿಕೊಂಡು ಹೋಗಬಹುದು, ಬಾಯಲ್ಲಿ ಹೇಳಿದರೆ ಸಾಕು. ಡಬ್ಬದ ಮೇಲೆ ‘ಐಪಿ67’ ಅಂತಲೂ ಇತ್ತು: ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಕೆಡುವುದಿಲ್ಲ. ನಮ್ಮ ಕಡೆ ಸಾಮಾನು ಹಾಳಾಗುವುದು ಬೂಷ್ಟು ಹಿಡಿದು. ಅದಕ್ಕೆ ಯಾವ ನಂಬರೂ ಇರಲಿಲ್ಲ.

ಮೊದಲು ಕೇಳಿದ್ದು ದೊಡ್ಡಮ್ಮ. “ಕಾಳಿಂಗ ನಾವಡರ ಯಕ್ಷಗಾನದ ಪದ ಒಂದು ಹಾಕು ಮಾರಾಯ್ತಿ.”

ಬಳೆ ಹೊತ್ತಲಿಲ್ಲ. ಹೆಸರು ಹಿಡಿದು ಕರೆಯದೆ ಅದು ಕಿವಿ ತೆರೆಯುವುದಿಲ್ಲವಂತೆ. ಹೆಸರು ಹಿಡಿದು ಕರೆದರು. ಬಳೆ ಹೊತ್ತಿತು, ಗಿರ್ರನೆ ತಿರುಗಿತು, ಇಂಗ್ಲಿಷಿನಲ್ಲಿ ಕ್ಷಮೆ ಕೇಳಿತು. ಅಣ್ಣ ಇಂಗ್ಲಿಷ್ ವಾಕ್ಯದ ನಡುವೆ ನಾವಡರನ್ನು ಸಿಕ್ಕಿಸಿ ಹೇಳಿದ. ಯಾವುದೋ ಹಿಂದಿ ಹಾಡು ಶುರುವಾಯಿತು. ಈ ಪೆಟ್ಟಿಗೆಗೆ ಕನ್ನಡ ಹಾಡಲು ಬರುತ್ತದೆ, ಕೇಳಿಸಿಕೊಳ್ಳಲು ಬರುವುದಿಲ್ಲ. ಮೂಡಿಗೆರೆಯ ತೋಟದಲ್ಲಿ ಕೂತು ಕನ್ನಡ ತಂತ್ರಾಂಶಕ್ಕಾಗಿ ಹಟ ಹಿಡಿದಿದ್ದ ತೇಜಸ್ವಿ ನೆನಪಾದರು. 2007ರಲ್ಲಿ ಹೋಗಿಬಿಟ್ಟರು, ಇದ್ದಿದ್ದರೆ ಇದನ್ನು ಬಿಚ್ಚಿ ನೋಡದೆ ಬಿಡುತ್ತಿರಲಿಲ್ಲ.

ಮಳೆ ಹೇಗಿದೆ ಎಂದು ಅಣ್ಣ ಕೇಳಿದ. ಚಿಕ್ಕಮಗಳೂರಿನಲ್ಲಿ ಹಗುರ ಮಳೆ ಎಂದಿತು. ಸುಳ್ಳೇನೂ ಅಲ್ಲ. ಜಿಲ್ಲಾ ಕೇಂದ್ರವಾದ ಆ ಊರು ಇರುವುದು ಮೂಡಲ ಕಡೆ. ಪಡುವಣ ಮೋಡ ಕುದುರೆಮುಖ, ಕಳಸದ ಬೆಟ್ಟಗಳ ಮೇಲೆ ಹೊರೆ ಇಳಿಸಿಯೇ ಅಲ್ಲಿಗೆ ಹೋಗುವುದು. ಬೆಳಿಗ್ಗೆಯಷ್ಟೇ ದೊಡ್ಡಪ್ಪ ಮಳೆಮಾಪಕದ ನೀರನ್ನು ಅಳತೆಯ ಗಾಜಿಗೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಡೈರಿಯಲ್ಲಿ ‘4 ಇಂಚು 15 ಸೆಂಟು’ ಎಂದು ಬರೆದಿದ್ದರು. ಪೆಟ್ಟಿಗೆಯನ್ನೊಮ್ಮೆ ನೋಡಿ, ಕನ್ನಡಕ ಮಡಚಿಕೊಂಡು ಒಳಗೆ ಹೋದರು.

ಆಮೇಲೆ ಕರೆಂಟು ಹೋಯಿತು. ಬ್ಯಾಟರಿ ಇದ್ದುದರಿಂದ ಸ್ಪೀಕರ್ ಬದುಕಿತ್ತು, ಆದರೆ ಗೋಡೆಯ ಮೇಲಿನ ವೈಫೈ ಸತ್ತಿತ್ತು. ಇಂಟರ್ನೆಟ್ ಇಲ್ಲದೆ ಅದಕ್ಕೆ ಮಾತು ಅರ್ಥವಾಗುವುದಿಲ್ಲ. ಅರ್ಥ ಮಾಡಿಕೊಳ್ಳುವ ಕೆಲಸವೆಲ್ಲ ಎಲ್ಲೋ ದೂರದ ಕಂಪ್ಯೂಟರಿನದು. ತಿಂಗಳುಗಟ್ಟಲೆ ಕರೆಂಟು ಕಣ್ಣಾಮುಚ್ಚಾಲೆ ಆಡುವ ಊರಿನಲ್ಲಿ ಇದೇ ದೊಡ್ಡ ಪರೀಕ್ಷೆ, ಅದರಲ್ಲಿ ಫೇಲು.

ಉಳಿದದ್ದು ಬ್ಲೂಟೂತ್. ನನ್ನ ಫೋನಿನಲ್ಲಿ ಹಳೆಯ ಕ್ಯಾಸೆಟ್ಟಿನಿಂದ ಇಳಿಸಿಕೊಂಡ ನಾವಡರ ಪದಗಳಿದ್ದವು. ಸಾಲಿಗ್ರಾಮ ಮೇಳದ ಗುಂಡ್ಮಿ ಕಾಳಿಂಗ ನಾವಡರು 1990ರಲ್ಲಿ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ ಮೂವತ್ತೆರಡೂ ತುಂಬಿರಲಿಲ್ಲ. ಆ ಕಂಠ ಮಳೆಯನ್ನು ಸೀಳಿಕೊಂಡು ಬಂತು. ಚಂಡೆಯೂ ಬಂತು, ಪೆಟ್ಟು ಪೆಟ್ಟೂ ಬೇರೆಬೇರೆಯಾಗಿ, ತಗಡಿನ ಮೇಲೆ ಕಲ್ಲು ಬಿದ್ದ ಹಾಗೆ. ಅಂಥ ಸಣ್ಣ ಪೆಟ್ಟಿಗೆಗೆ ಅದು ದೊಡ್ಡದೇ.

“ಮದ್ದಳೆ ಎಲ್ಲಿ?” ಎಂದರು ದೊಡ್ಡಮ್ಮ.

ನಿಜ. ಚಂಡೆಯ ಅಡಿಯಲ್ಲಿ ಗುಮ್ಮೆನ್ನಬೇಕಾದ ಎಡಗೈ ಪೆಟ್ಟು ಮಾಯ. ದಪ್ಪ ದನಿಗೆ ತುಂಬ ಗಾಳಿ ತಳ್ಳಬೇಕು. ಅಂಗೈಯಗಲದ ಸ್ಪೀಕರ್ ಎಷ್ಟು ತಳ್ಳೀತು? ಅಣ್ಣ ಫೋನಿನಲ್ಲಿ ಏನೇನೋ ಗೆರೆ ಏರಿಸಿ ಇಳಿಸಿದ. ದನಿ ಒಡೆಯಿತೇ ಹೊರತು ಮದ್ದಳೆ ಬರಲಿಲ್ಲ.

ದೊಡ್ಡಮ್ಮ ಎದ್ದರು. ಸ್ಪೀಕರನ್ನು ಎತ್ತಿ ನಡುಮನೆಗೆ ಒಯ್ದು, ಎರಡು ಗೋಡೆ ಸೇರುವ ಮೂಲೆಯಲ್ಲಿದ್ದ, ಅರ್ಧ ಬರಿದಾದ ಭತ್ತದ ಪತ್ತಾಯದ ಮೇಲೆ ಕೂರಿಸಿದರು. ಗೋಡೆಗೆ ಒಂದು ಗೇಣು. ಒಂದು ಕ್ಷಣ ಏನೂ ಬದಲಾದಂತೆ ಕಾಣಲಿಲ್ಲ. ನಿಧಾನಕ್ಕೆ ಹಲಸಿನ ಹಲಗೆಯೊಳಗಿಂದ ಗುಮ್, ಗುಮ್ ಎನ್ನತೊಡಗಿತು. ಅವರು ಪತ್ತಾಯದ ಮುಚ್ಚಳದ ಮೇಲೆ ಅಂಗೈ ಊರಿದರು.

“ನೀನೂ ಇಡು ಇಲ್ಲಿ,” ಎಂದರು ಅಣ್ಣನಿಗೆ.